ಸೇವೆಯ ಗುಣ, ಸೌಖ್ಯದ ದೋಷ

ಭೋಗಕ್ಕೆ ಬೆಲೆ ತೆತ್ತವನು ಅದರಲ್ಲಿ ಕೊರತೆಯಿರಬಾರದೆಂದು ಬಯಸುವುದು ಲೋಕರೂಢಿ. ಬೆಲೆ ಏರಿದಷ್ಟೂ ಈ ಬಯಕೆ ತೀಕ್ಷ್ಣವಾಗುತ್ತದೆ. ಬಸ್ ನಿಲ್ದಾಣದಲ್ಲಿ ಹತ್ತು ರೂಪಾಯಿಯ ಕಷಾಯ ಆರಿಹೋಗಿದ್ದರೆ ನಕ್ಕು ಕುಡಿಯುವವನೇ, ದಿನಕ್ಕೆ ಹತ್ತಾರು ಸಾವಿರ ರೂಪಾಯಿ ಬಾಡಿಗೆಯ ವಿಲ್ಲಾದಲ್ಲಿ ಹೊದಿಕೆ ತುಸು ತೇವವಾಗಿದ್ದರೆ ರಾತ್ರಿಯೆಲ್ಲ ನಿದ್ದೆಗೆಡುತ್ತಾನೆ. ಕಷಾಯದ ದೋಷಕ್ಕಿಂತ ಹೊದಿಕೆಯ ದೋಷ ದೊಡ್ಡದೇನಲ್ಲ, ದೊಡ್ಡದಾದದ್ದು ಅಪೇಕ್ಷೆ. ವಸ್ತುವಿನ ದೋಷ ಎಲ್ಲಿ ಮುಗಿಯುತ್ತದೆ, ಮನಸ್ಸಿನ ದೋಷ ಎಲ್ಲಿಂದ ಮೊದಲಾಗುತ್ತದೆ ಎಂಬ ವಿವೇಕವು ಶ್ರಾವಕನು ಪ್ರವಾಸದಲ್ಲಿಯೂ ಬಿಡಬಾರದ ಸ್ವಾಧ್ಯಾಯ.

ಇದನ್ನು ಈಗ ವಿಚಾರಿಸಲು ಕಾರಣವಿದೆ. ಹಿಂದಿನ ತಲೆಮಾರಿನ ಶ್ರಾವಕರ ದೀರ್ಘ ಪ್ರಯಾಣವೆಂದರೆ ಶ್ರವಣಬೆಳಗೊಳ, ಮೂಡುಬಿದಿರೆ, ಹುಂಚ. ಇನ್ನೂ ಅನುಕೂಲವಿದ್ದವರಿಗೆ ಸಮ್ಮೇದ ಶಿಖರ, ಗಿರಿನಾರ. ಇಂದಿನ ಮನೆಗಳಲ್ಲಿ ತೀರ್ಥಯಾತ್ರೆಯ ಜೊತೆಗೆ ವಿಹಾರಯಾತ್ರೆಯೂ ಸೇರಿದೆ. ಇಂಡೊನೇಷ್ಯಾದ ಬಾಲಿ ದ್ವೀಪಕ್ಕೆ 2024ರ ಮಾರ್ಚ್ ಅಂತ್ಯದಿಂದ ಬೆಂಗಳೂರಿನಿಂದ ನೇರ ವಿಮಾನ ಆರಂಭವಾಯಿತು. ಆ ವರ್ಷ ದ್ವೀಪಕ್ಕೆ ಬಂದ ವಿದೇಶಿ ಪ್ರವಾಸಿಗರು 60 ಲಕ್ಷಕ್ಕೂ ಅಧಿಕ. ಅವರಲ್ಲಿ ಆಸ್ಟ್ರೇಲಿಯದವರ ನಂತರದ ಸ್ಥಾನ ಭಾರತೀಯರದು. ಅಲ್ಲಿ ಹಸಿರು ಗದ್ದೆಯ ಅಂಚಿನಲ್ಲಿ, ಹುಲ್ಲು ಹೊದಿಸಿದ ಎತ್ತರದ ಮಾಡಿನ ಕೆಳಗೆ, ಸ್ವಂತ ಈಜುಕೊಳವುಳ್ಳ ವಿಲ್ಲಾದಲ್ಲಿ ನಾಲ್ಕು ದಿನ ತಂಗಿ ಬರುವುದು ನಮ್ಮ ಮಧ್ಯಮ ವರ್ಗದ ಜೈನ ಕುಟುಂಬಗಳಿಗೂ ಅಪರೂಪವಾಗಿ ಉಳಿದಿಲ್ಲ.

ಅಂತಹ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಅಜ್ಜಿ, ಮಗ, ಸೊಸೆ, ಇಬ್ಬರು ಮಕ್ಕಳು. ಅಜ್ಜಿಗೆ ರಾತ್ರಿಭೋಜನ ತ್ಯಾಗವಿದೆ. ಕಂದಮೂಲವನ್ನು ಮನೆಯವರಾರೂ ಸೇವಿಸುವುದಿಲ್ಲ. ಬಾಲಿಯು ಸಮಭಾಜಕ ವೃತ್ತದಿಂದ ಸುಮಾರು 8 ಡಿಗ್ರಿ ದಕ್ಷಿಣಕ್ಕಿರುವುದರಿಂದ ಅಲ್ಲಿ ವರ್ಷವಿಡೀ ಸೂರ್ಯಾಸ್ತವು ಸಂಜೆ ಆರರಿಂದ ಏಳರೊಳಗೆ. ರೆಸಾರ್ಟಿನ ರಾತ್ರಿಯ ಊಟ ಸಾಮಾನ್ಯವಾಗಿ ಆರಂಭವಾಗುವುದೇ ಸೂರ್ಯಾಸ್ತದ ನಂತರ. ಅಲ್ಲಿನ ಅಡುಗೆಯ ಬುನಾದಿಯಾದ ಮಸಾಲೆಯಲ್ಲಿ ಬೆಳ್ಳುಳ್ಳಿ, ಚಿಕ್ಕ ಈರುಳ್ಳಿ, ಶುಂಠಿ, ಹಸಿ ಅರಿಸಿನ ಎಲ್ಲವೂ ಇರುತ್ತವೆ; ಚಟ್ನಿಯಂತಹ ಸಾಂಬಾಲ್‌ನಲ್ಲಿ ತೆರಾಸಿ ಎಂಬ ಸಿಗಡಿಯ ಪಾಕ ಅಡಗಿರುತ್ತದೆ. ಜೈನ ಆಹಾರವೆಂಬುದನ್ನೇ ಕೇಳಿರದ ಅಡುಗೆಯಾತ ಮೊದಲ ದಿನವೇ ಕೈಜೋಡಿಸಿ ನಿಂತು, ಯಾವುದು ಸಲ್ಲದು ಎಂಬುದನ್ನು ಒಂದೊಂದಾಗಿ ಕೇಳಿ ಬರೆದುಕೊಳ್ಳುತ್ತಾನೆ. ಬೇರೆ ಬಾಣಲೆ ತೊಳೆದಿಟ್ಟು, ಐದು ಗಂಟೆಗೇ ಬಿಸಿ ಅನ್ನ, ತೆಂಗಿನ ಹಾಲಿನ ತರಕಾರಿ ಪಲ್ಯ ಸಿದ್ಧಪಡಿಸುತ್ತಾನೆ. ಮರುದಿನ ಯಾರೂ ನೆನಪಿಸಬೇಕಾಗುವುದಿಲ್ಲ. ಅಜ್ಜಿ ಮೆಟ್ಟಿಲಿಳಿಯುವಾಗ ಪರಿಚಾರಿಕೆಯೊಬ್ಬಳು ಕರೆಯದೆಯೇ ಬಂದು ತೋಳು ನೀಡುತ್ತಾಳೆ. ಹೀಗೆ ಕರೆಯುವ ಮುನ್ನವೇ ಬರುವ ಸೇವೆಗೆ ಬಾಲಿಯ ಜನ ಹೆಸರಾದವರು.

ಆದರೆ ವಿಲ್ಲಾದಲ್ಲಿ ದೋಷಗಳೂ ಇವೆ. ಸ್ನಾನಗೃಹಕ್ಕೆ ಅರ್ಧ ಮಾತ್ರ ಸೂರು. ಗೋಡೆಯಂಚಿನಲ್ಲಿ ಇರುವೆಗಳ ಸಾಲು. ರಾತ್ರಿ ಮಾಡಿನಿಂದ ದೊಡ್ಡ ಹಲ್ಲಿಯೊಂದು ಗಟ್ಟಿಯಾಗಿ ಕೂಗುತ್ತದೆ. ಕಪಾಟಿನಲ್ಲಿ ಬೂಷ್ಟಿನ ವಾಸನೆ. ಬಿಸಿನೀರು ಅರ್ಧಕ್ಕೇ ತಣ್ಣಗಾಗುತ್ತದೆ. ಕೊಳದ ಅಂಚಿನ ಕಲ್ಲೊಂದು ಸಡಿಲವಾಗಿದ್ದು ಮೊಮ್ಮಗನ ಕಾಲು ತರಚಿದೆ. ಹೊರಡುವ ದಿನ ಮಗನ ಕೈಯಲ್ಲಿರುವ ಮೊಬೈಲು ಕೇಳುತ್ತದೆ: ಐದರಲ್ಲಿ ಎಷ್ಟು ನಕ್ಷತ್ರ? ಆತ ಎರಡಕ್ಕೆ ಬೆರಳಿಡಲು ಸಿದ್ಧನಾಗಿದ್ದಾನೆ. ಅಜ್ಜಿ ಬೇಡವೆನ್ನುತ್ತಾರೆ. ಇಬ್ಬರಲ್ಲಿ ಯಾರು ಸರಿ?

ಪ್ರಶ್ನೆ ಚಿಕ್ಕದೆಂದು ತೋರಬಹುದು. ಆದರೆ ಆ ನಕ್ಷತ್ರಗಳ ಮೇಲೆ ಒಂದು ಹೋಟೆಲಿನ ವ್ಯಾಪಾರ ನಿಂತಿರುತ್ತದೆ. ವ್ಯಾಪಾರ ಕುಸಿದಾಗ ಮೊದಲ ಪೆಟ್ಟು ಬೀಳುವುದು ಸಡಿಲ ಕಲ್ಲನ್ನು ರಿಪೇರಿ ಮಾಡಿಸದ ಮಾಲೀಕನಿಗಲ್ಲ, ಐದು ಗಂಟೆಗೆ ಅನ್ನ ಬಡಿಸಿದ ಕೈಗೆ. ಒಂದು ಬೆರಳಿನ ಚಲನೆಯಲ್ಲಿಯೂ ಹಿಂಸೆ, ಅಹಿಂಸೆ, ಸತ್ಯ, ಅಸತ್ಯಗಳು ಅಡಗಿವೆ. ಆದ್ದರಿಂದ ಅದನ್ನು ಶ್ರಾವಕಾಚಾರದ ಅಳತೆಗೋಲಿನಿಂದಲೇ ಅಳೆಯಬೇಕು.

ಮೊದಲನೆಯದು ಪ್ರಮೋದ ಭಾವನೆ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ನಾಲ್ಕು ಭಾವನೆಗಳನ್ನು ವಿಧಿಸಿದ್ದಾರೆ: ಸಕಲ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ದುಃಖಿತರಲ್ಲಿ ಕಾರುಣ್ಯ, ತಿದ್ದಲಾಗದವರಲ್ಲಿ ಮಾಧ್ಯಸ್ಥ್ಯ. ಪ್ರಮೋದವೆಂದರೆ ಬರಿಯ ಮೆಚ್ಚುಗೆಯ ಮಾತಲ್ಲ. ಇನ್ನೊಬ್ಬರ ಗುಣವನ್ನು ಕಂಡಾಗ ಒಳಗಿನಿಂದ ಉಕ್ಕುವ ಹರ್ಷ. ಅಡುಗೆಯಾತನು ಜೈನನಲ್ಲ, ಆತನಿಗೆ ಅನಂತಕಾಯದ ಸಿದ್ಧಾಂತ ತಿಳಿಯದು. ಆದರೂ ಪರರ ವ್ರತಕ್ಕೆ ತನ್ನಿಂದ ಭಂಗ ಬರಬಾರದೆಂಬ ಎಚ್ಚರ ಅವನಲ್ಲಿದೆ. ಇಂತಹ ಗುಣ ಕಂಡಲ್ಲಿ ಜಾತಿ, ಮತ, ದೇಶಗಳನ್ನು ನೋಡದೆ ಹರ್ಷಿಸುವುದು ಸಮ್ಯಗ್ದೃಷ್ಟಿಯ ಲಕ್ಷಣ. ಆ ಹರ್ಷವು ಹೆಸರು ಹಿಡಿದು ಹೇಳುವಷ್ಟು ಸ್ಪಷ್ಟವಾಗಿರಬೇಕು. ಬಾಲಿಯಲ್ಲಿ ಹುಟ್ಟಿದ ಕ್ರಮಕ್ಕೆ ತಕ್ಕಂತೆ ಹೆಸರಿಡುತ್ತಾರೆ: ಮೊದಲ ಮಗು ವಾಯನ್, ಎರಡನೆಯದು ಮಾದೆ, ಮೂರನೆಯದು ನ್ಯೋಮನ್, ನಾಲ್ಕನೆಯದು ಕೆತುತ್. ಹೀಗಾಗಿ ಒಂದೇ ರೆಸಾರ್ಟಿನಲ್ಲಿ ಹಲವರು ವಾಯನ್‌ಗಳಿರುತ್ತಾರೆ. ‘ವಾಯನ್ ಒಳ್ಳೆಯವನು’ ಎಂದರೆ ಯಾರಿಗೂ ತಲುಪದು. ‘ಅಡುಗೆಮನೆಯ ಈ ವಾಯನ್ ಈ ಕೆಲಸ ಮಾಡಿದ’ ಎಂದು ಮ್ಯಾನೇಜರನೆದುರು ಹೇಳಿದಾಗಲೇ ಪ್ರಮೋದ ಪೂರ್ಣವಾಗುತ್ತದೆ.

ಎರಡನೆಯದು ದೋಷಗಳ ವಿಂಗಡಣೆ. ಮಗ ಪಟ್ಟಿ ಮಾಡಿದ ದೋಷಗಳೆಲ್ಲ ಒಂದೇ ಜಾತಿಯವಲ್ಲ. ಇರುವೆಯೂ ಹಲ್ಲಿಯೂ ದೋಷಗಳೇ ಅಲ್ಲ, ಅವು ಜೀವಿಗಳು. ಉಷ್ಣವಲಯದ ತೇವ ನೆಲದಲ್ಲಿ, ಹುಲ್ಲುಮಾಡಿನ ಕೆಳಗೆ, ಗದ್ದೆಯ ಪಕ್ಕದಲ್ಲಿ ಅವು ಇರುವುದೇ ಸಹಜ. ಇರುವೆ ತೀಂದ್ರಿಯ ಜೀವಿ, ಹಲ್ಲಿ ಪಂಚೇಂದ್ರಿಯ. ‘ಸ್ನಾನಗೃಹದಲ್ಲಿ ಇರುವೆಗಳಿವೆ’ ಎಂಬ ದೂರನ್ನು ಬರೆದವನು ತನ್ನ ಕೈಯಿಂದ ಒಂದು ಇರುವೆಯನ್ನೂ ಕೊಂದಿರುವುದಿಲ್ಲ. ಆದರೆ ಆ ದೂರಿನ ಫಲವಾಗಿ ಸಂಜೆ ಕೀಟನಾಶಕದ ಹೊಗೆ ಬಿಡಲಾಗುತ್ತದೆ. ಕೃತ, ಕಾರಿತ, ಅನುಮೋದಿತ – ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು – ಈ ಮೂರೂ ಆಸ್ರವಕ್ಕೆ ದ್ವಾರಗಳು ಎಂದು ನಮ್ಮ ಆಚಾರ್ಯರು ಎಚ್ಚರಿಸಿದ್ದಾರೆ. ಆಧುನಿಕ ಸೌಖ್ಯದ ಹಿಂಸೆ ಬಹುಪಾಲು ಕಾರಿತದಲ್ಲಿಯೇ ನಡೆಯುತ್ತದೆ. ಕೈ ಸ್ವಚ್ಛವಾಗಿ ಕಾಣುವುದರಿಂದ ಮನಸ್ಸು ಮೋಸಹೋಗುತ್ತದೆ. ಮನೆಯಲ್ಲಿ ನೀರನ್ನು ಶೋಧಿಸಿ ಕುಡಿಯುವ, ಪಿಂಛಿಯಿಂದ ನೆಲವನ್ನು ಮೃದುವಾಗಿ ಸರಿಸಿ ಕೂರುವ ಮುನಿಗಳಿಗೆ ಕೈಮುಗಿಯುವ ಶ್ರಾವಕ, ಹೊರನಾಡಿನಲ್ಲಿ ಬರೆಯುವ ದೂರಿನ ಸಾಲಿನಲ್ಲಿಯೂ ಅದೇ ಪಿಂಛಿಯ ಮೃದುತ್ವವನ್ನು ತೋರಬೇಕಲ್ಲವೇ? ಅನ್ನದ ಅಗಳು ಚೆಲ್ಲದಂತೆ ನೋಡಿಕೊಂಡು ಇರುವೆಯ ಸಾಲನ್ನು ತಪ್ಪಿಸಿ ನಡೆದರೆ ನಾಲ್ಕು ದಿನ ಕಳೆಯುತ್ತವೆ.

ಸಡಿಲವಾದ ಕಲ್ಲಿನ ವಿಷಯ ಬೇರೆ. ಅದು ನಿಜವಾದ ದೋಷ, ಅಲಕ್ಷ್ಯದಿಂದ ಬಂದದ್ದು, ನಾಳೆ ಬರುವ ಮಗುವಿನ ತಲೆಗೆ ಪೆಟ್ಟಾಗಬಹುದು. ಇಲ್ಲಿ ಅಜ್ಜಿಯ ‘ಬೇಡ’ ಎಂಬ ಮಾತಿಗೂ ಮಿತಿಯಿದೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೂ ಒಂದು. ಇದಕ್ಕೆ ದೃಷ್ಟಾಂತ ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆ. ಕ್ಷುಲ್ಲಕನ ವೇಷ ತೊಟ್ಟು ಬಂದ ಕಳ್ಳನೊಬ್ಬ ಶ್ರೇಷ್ಠಿಯ ಚೈತ್ಯಾಲಯದಲ್ಲಿದ್ದ ರತ್ನವನ್ನು ಕದ್ದು ಸಿಕ್ಕಿಬಿದ್ದ. ಅವನ ನೆಪದಿಂದ ಧರ್ಮಕ್ಕೆ ಅಪವಾದ ಬರಬಾರದೆಂದು ಶ್ರೇಷ್ಠಿಯು ಜನರೆದುರು ವಿಷಯವನ್ನು ಮುಚ್ಚಿ, ಅನಂತರ ಆತನನ್ನು ಏಕಾಂತದಲ್ಲಿ ಗದರಿಸಿ ಕಳುಹಿಸಿದ. ಈ ಕಥೆಯ ಅರ್ಧಭಾಗವನ್ನು ಮಾತ್ರ ನೆನಪಿಡುವವರು ಉಪಗೂಹನವೆಂದರೆ ದೋಷವನ್ನು ಹೂತುಹಾಕುವುದೆಂದು ತಿಳಿಯುತ್ತಾರೆ. ಶ್ರೇಷ್ಠಿ ರತ್ನವನ್ನು ಬಿಟ್ಟುಕೊಡಲಿಲ್ಲ. ಕಳ್ಳನನ್ನು ಚೈತ್ಯಾಲಯದಲ್ಲಿ ಇರಿಸಿಕೊಳ್ಳಲೂ ಇಲ್ಲ. ಬಯಲಲ್ಲಿ ಮಾನ ಕಳೆಯಲಿಲ್ಲ, ಒಳಗೆ ತಿದ್ದದೆ ಬಿಡಲಿಲ್ಲ.

ಉಪಗೂಹನವು ಮೂಲತಃ ಧರ್ಮಮಾರ್ಗಕ್ಕೆ ಬರುವ ಅಪವಾದವನ್ನು ಕುರಿತದ್ದು, ಹೋಟೆಲು ಧರ್ಮಮಾರ್ಗವಲ್ಲವಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪ ಸರಿಯಾದದ್ದೇ. ಆದರೆ ಅದೇ ವಿವೇಕವನ್ನು ಸತ್ಯಾಣುವ್ರತವೂ ಕಲಿಸುತ್ತದೆ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನ ಸತ್ಯವನ್ನು ನಿರೂಪಿಸುವಾಗ, ಸ್ಥೂಲ ಸುಳ್ಳನ್ನು ಮಾತ್ರವಲ್ಲ, ಪರರಿಗೆ ವಿಪತ್ತು ತರುವ ಸತ್ಯವನ್ನೂ ಬಿಡಬೇಕೆಂದಿದ್ದಾರೆ. ಈ ಅಳತೆಯಿಂದ ನೋಡಿದರೆ ದಾರಿ ತಿಳಿಯಾಗುತ್ತದೆ. ಕಲ್ಲಿನ ವಿಷಯವನ್ನು ಅದೇ ದಿನ, ಅದನ್ನು ಸರಿಪಡಿಸುವ ಅಧಿಕಾರವುಳ್ಳವನಿಗೆ, ಖಾರವಿಲ್ಲದೆ, ಸ್ಪಷ್ಟವಾಗಿ ಹೇಳಬೇಕು. ಆತ ಸರಿಪಡಿಸಿದರೆ ಅಲ್ಲಿಗೆ ಮುಗಿಯಿತು. ಸರಿಪಡಿಸದಿದ್ದರೆ, ಮುಂದೆ ಬರುವವರ ಹಿತಕ್ಕಾಗಿ ‘ಕೊಳದ ಅಂಚಿನಲ್ಲಿ ಎಚ್ಚರ’ ಎಂದು ಬರೆಯುವುದು ಕರ್ತವ್ಯವೇ ಆಗುತ್ತದೆ. ಆಗ ಮೌನವೇ ವಿಪತ್ತು ತರುವಂಥದ್ದು. ಆದರೆ ಮ್ಯಾನೇಜರನಿಗೆ ಒಂದು ಮಾತನ್ನೂ ಹೇಳದೆ ಮನೆಗೆ ಬಂದು ಎರಡು ನಕ್ಷತ್ರ ಒತ್ತುವುದು ಸತ್ಯವಲ್ಲ. ಅದು ಸತ್ಯದ ವೇಷ ತೊಟ್ಟ ಕ್ರೋಧ. ಹಾಗೆಯೇ ಸೇವೆಯ ಗುಣವನ್ನೂ ಕಟ್ಟಡದ ದೋಷವನ್ನೂ ಒಂದೇ ಅಂಕಿಯಲ್ಲಿ ಕಲಸುವುದು ಸರಿಯಲ್ಲ. ವಸ್ತುವನ್ನು ಒಂದೇ ಮುಖದಿಂದ ನೋಡಬಾರದೆಂಬ ಅನೇಕಾಂತವನ್ನು ಬಾಯಿಪಾಠ ಮಾಡಿದವರು, ಒಂದು ಅಂಕಿಯಿಂದ ಹತ್ತಾರು ಜನರ ದುಡಿಮೆಗೆ ತೀರ್ಪು ನೀಡುವ ಮುನ್ನ ಕ್ಷಣಕಾಲ ನಿಲ್ಲಬೇಕು.

ಇನ್ನು ತಣ್ಣಗಾಗುವ ಬಿಸಿನೀರು ಮತ್ತು ಬೂಷ್ಟಿನ ವಾಸನೆ. ಇವು ಸಣ್ಣ ಕೊರತೆಗಳು. ಹೇಳಿದರೆ ತಪ್ಪಿಲ್ಲ, ಕುದಿದರೆ ತಪ್ಪು. ಇವುಗಳಿಂದ ಹುಟ್ಟುವ ಅಸಮಾಧಾನಕ್ಕೆ ಕಾರಣ ಹೊರಗಿನ ನೀರಲ್ಲ, ‘ಇಷ್ಟು ಕೊಟ್ಟಿದ್ದೇನೆ’ ಎಂಬ ಒಳಗಿನ ಲೆಕ್ಕ. ಶೀತೋಷ್ಣಗಳನ್ನು ಸಮಭಾವದಿಂದ ಸಹಿಸುವ ಮುನಿಗಳ ಪರೀಷಹಜಯವು ಗೃಹಸ್ಥನಿಗೆ ಪೂರ್ಣವಾಗಿ ಸಾಧ್ಯವಿಲ್ಲದಿರಬಹುದು. ಅರ್ಧ ಬಕೆಟ್ ತಣ್ಣೀರಿನಷ್ಟಾದರೂ ಸಾಧ್ಯವಿದೆ.

ಇಷ್ಟೆಲ್ಲ ಕಾಣುವ ದೋಷಗಳಾದವು. ಯಾವ ಅತಿಥಿಯೂ ದೂರಿನ ಪಟ್ಟಿಯಲ್ಲಿ ಬರೆಯದ, ಕಾಣದ ದೋಷವೊಂದಿದೆ. ಅದು ಇವೆಲ್ಲಕ್ಕಿಂತ ದೊಡ್ಡದು. ಬಾಲಿಯ ಗದ್ದೆಗಳಿಗೆ ನೀರು ಹಂಚುವ ಪದ್ಧತಿಯ ಹೆಸರು ಸುಬಕ್. ಒಂಬತ್ತನೆಯ ಶತಮಾನದಷ್ಟು ಹಳೆಯದಾದ ಈ ವ್ಯವಸ್ಥೆಯಲ್ಲಿ ರೈತರು ಕಾಲುವೆ, ಸುರಂಗ, ಒಡ್ಡುಗಳನ್ನು ಕೂಡಿ ಕಾಪಾಡಿಕೊಂಡು, ಜಲದೇಗುಲಗಳ ಸುತ್ತ ಸೇರಿ, ಮೇಲಿನ ಗದ್ದೆಯವನೂ ಕೆಳಗಿನ ಗದ್ದೆಯವನೂ ಸರದಿಯಂತೆ ನೀರು ಪಡೆಯುತ್ತಾರೆ. 2012ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ದೈವ, ಮನುಷ್ಯ, ನಿಸರ್ಗ ಈ ಮೂರರ ನಡುವೆ ಸಾಮರಸ್ಯವಿರಬೇಕೆಂಬ ‘ತ್ರಿ ಹಿತ ಕರಣ’ವೇ ಅದರ ತತ್ತ್ವ, ಪದಗಳು ಸಂಸ್ಕೃತದವೇ ಆದ್ದರಿಂದ ನಮಗೆ ಅರ್ಥ ಹೇಳಬೇಕಾಗಿಲ್ಲ. ಆದರೆ ದಕ್ಷಿಣ ಬಾಲಿಯಲ್ಲಿ ಗದ್ದೆಯ ಮೇಲೆ ಗದ್ದೆ ವಿಲ್ಲಾಗಳಾಗಿ ಮಾರ್ಪಟ್ಟಿವೆ. ಗದ್ದೆಯ ನೋಟಕ್ಕಾಗಿಯೇ ಬೆಲೆ ತೆರುವ ಅತಿಥಿಗೆ, ಆ ನೋಟವನ್ನು ನುಂಗುತ್ತಿರುವುದು ತನ್ನಂತಹ ಅತಿಥಿಗಾಗಿ ಕಟ್ಟಿದ ಗೋಡೆಯೇ ಎಂಬುದು ತೋಚುವುದಿಲ್ಲ. ನಮ್ಮ ಕೊಡಗು, ಚಿಕ್ಕಮಗಳೂರುಗಳ ಬೆಟ್ಟಗಳಲ್ಲಿ ರೆಸಾರ್ಟುಗಳು ಏಳುತ್ತಿರುವುದನ್ನು ಕಂಡವರಿಗೆ ಇದು ದೂರದ ಕಥೆಯೂ ಅಲ್ಲ.

ಜೈನನಿಗೆ ನೀರೆಂದರೆ ಬರಿಯ ವಸ್ತುವಲ್ಲ. ಅಪ್ಕಾಯಿಕ ಜೀವಿಗಳ ಶರೀರ. ಅಗತ್ಯವಿಲ್ಲದೆ ನೀರು ಚೆಲ್ಲುವುದು, ನೆಲ ಅಗೆಯುವುದು, ಬೆಂಕಿ ಹೊತ್ತಿಸುವುದು, ಸಸ್ಯಗಳನ್ನು ಕಡಿಯುವುದು – ಇವನ್ನು ಶಾಸ್ತ್ರವು ಪ್ರಮಾದಚರ್ಯೆ ಎಂದು ಕರೆದು ಅನರ್ಥದಂಡಗಳಲ್ಲಿ ಸೇರಿಸಿದೆ. ಒಂದು ಕುಟುಂಬಕ್ಕೊಂದು ಈಜುಕೊಳ, ಯಾರೂ ಇಲ್ಲದ ಕೋಣೆಯಲ್ಲಿ ಓಡುವ ಏರ್ ಕಂಡಿಷನರು, ಒಮ್ಮೆ ಮುಟ್ಟಿದ್ದಕ್ಕೇ ಒಗೆಯಲು ಹೋಗುವ ಟವೆಲು – ಇವು ಯಾವ ಪ್ರಯೋಜನಕ್ಕಾಗಿ? ನಕ್ಷತ್ರದ ಲೆಕ್ಕದಲ್ಲಿ ಇವು ಗುಣಗಳು. ವ್ರತದ ಲೆಕ್ಕದಲ್ಲಿ ಇವೇ ದೋಷಗಳು. ಲೋಕ ದೋಷವೆನ್ನುವ ಇರುವೆ ನಿರ್ದೋಷಿ, ಲೋಕ ಗುಣವೆನ್ನುವ ಕೊಳ ದೋಷಯುಕ್ತ ಎಂಬುದು ವಿಚಿತ್ರವೆನಿಸಿದರೂ ಸಮ್ಯಗ್ದೃಷ್ಟಿಯು ಮಾಡುವ ಕೆಲಸವೇ ಇಂತಹದು. ಅದು ಪಟ್ಟಿಯನ್ನು ಮಗುಚಿ ತೋರಿಸುತ್ತದೆ.

ಸೌಖ್ಯದಲ್ಲಿ ಕಾಣುವ ಬಿರುಕು ಕೆಲವೊಮ್ಮೆ ಉಪಕಾರವನ್ನೂ ಮಾಡುತ್ತದೆ. ಕನ್ನಡಿಗರಿಗೆ ಪಂಪನ ಆದಿಪುರಾಣದಿಂದ ಸುಪರಿಚಿತವಾದ ನೀಲಾಂಜನೆಯ ಪ್ರಸಂಗವನ್ನು ನೆನೆಯಬೇಕು. ವೃಷಭದೇವನ ಆಸ್ಥಾನದಲ್ಲಿ ದೇವನರ್ತಕಿ ನೀಲಾಂಜನೆ ನರ್ತಿಸುತ್ತಿರುವಾಗಲೇ ಅವಳ ಆಯುಷ್ಯ ತೀರಿ ಕಣ್ಮರೆಯಾದಳು. ರಸಭಂಗವಾಗದಿರಲೆಂದು ಇಂದ್ರನು ಆ ಕ್ಷಣದಲ್ಲಿಯೇ ಅವಳಂತಹ ಇನ್ನೊಬ್ಬಳನ್ನು ನಿಲ್ಲಿಸಿದ. ವ್ಯವಸ್ಥೆ ಎಷ್ಟು ನಿಖರವೆಂದರೆ ಸಭೆಗೆ ಏನೂ ತಿಳಿಯಲಿಲ್ಲ. ವೃಷಭದೇವನೊಬ್ಬನಿಗೆ ಆ ಬೆಸುಗೆ ಕಂಡಿತು. ಅಲ್ಲಿಂದಲೇ ವೈರಾಗ್ಯ ಮೂಡಿತು. ಲೋಕದ ಅತ್ಯುತ್ತಮ ಸೇವೆಯೂ ಮಾಡುವುದು ಇದನ್ನೇ: ಅನಿತ್ಯತೆ ಅತಿಥಿಯ ಕಣ್ಣಿಗೆ ಬೀಳದಂತೆ ನೋಡಿಕೊಳ್ಳುತ್ತದೆ. ಬಾಡಿದ ಹೂವು ಬೆಳಗಾಗುವುದರೊಳಗೆ ಬದಲಾಗಿರುತ್ತದೆ. ದಣಿದ ಪರಿಚಾರಕನ ಜಾಗದಲ್ಲಿ ಅದೇ ನಗೆಯ ಇನ್ನೊಬ್ಬ ನಿಂತಿರುತ್ತಾನೆ. ಎಲ್ಲೋ ಒಂದು ಹೆಂಚು ಸಡಿಲವಾಗಿ, ಒಂದು ಬಟ್ಟೆ ಬೂಷ್ಟು ಹಿಡಿದು ಕಂಡಾಗ, ಅದು ಪುದ್ಗಲದ ಸ್ವಭಾವವನ್ನು ಸದ್ದಿಲ್ಲದೆ ನೆನಪಿಸುತ್ತದೆ. ದೂರು ಬರೆಯುವ ಮುನ್ನ ಆ ಪಾಠಕ್ಕೆ ಒಂದು ಕ್ಷಣ ಸಲ್ಲಬೇಕು.

ಇದರೊಡನೆ ಇನ್ನೊಂದು ಸತ್ಯ. ತತ್ತ್ವಾರ್ಥಸೂತ್ರವು ದೇವಗತಿಯ ಶ್ರೇಣಿಗಳನ್ನು ಎಣಿಸುವಾಗ ಇಂದ್ರ, ಸಾಮಾನಿಕರ ಜೊತೆಗೆ ಆಭಿಯೋಗ್ಯರೆಂಬ ಸೇವಕ ದೇವತೆಗಳನ್ನೂ ಹೇಳುತ್ತದೆ. ಸ್ವರ್ಗದಲ್ಲಿಯೂ ಒಬ್ಬ ಕುಳಿತಿರುತ್ತಾನೆ, ಇನ್ನೊಬ್ಬ ವಾಹನವಾಗಿ ಹೊರುತ್ತಾನೆ. ಕರ್ಮಫಲದ ಅಂತರ ಅಲ್ಲಿಯೂ ಅಳಿಯದು. ಪುಣ್ಯ ತೀರಿದಾಗ ಕುಳಿತವನೂ ಇಳಿಯಲೇಬೇಕು. ಹಾಗಿರುವಾಗ ನಾಲ್ಕು ದಿನದ ಬಾಡಿಗೆಯ ಸ್ವರ್ಗದಲ್ಲಿ, ಟ್ರೇ ಹಿಡಿದು ನಿಂತವನಿಗಿಂತ ತಾನು ಮೇಲಿನವನೆಂದು ಭಾವಿಸಲು ಆಧಾರವೇನು? ಅವನಿಗೂ ಮನೆಯಿದೆ, ದೇಗುಲವಿದೆ. ಬಾಲಿಯ ಪಂಚಾಂಗದಂತೆ 210 ದಿನಗಳಿಗೊಮ್ಮೆ ಬರುವ ಗಲುಂಗನ್ ಹಬ್ಬಕ್ಕೆ ಅವನೂ ಊರಿಗೆ ಹೋಗಬೇಕು. ಬೆಳಿಗ್ಗೆ ವಿಲ್ಲಾದ ಬಾಗಿಲಲ್ಲಿ ತೆಂಗಿನ ಗರಿಯ ಪುಟ್ಟ ಬುಟ್ಟಿಯಲ್ಲಿ ಹೂವಿಟ್ಟು ಪರಿಚಾರಿಕೆ ಕೈಮುಗಿಯುತ್ತಾಳಲ್ಲ, ಅದು ಅಲಂಕಾರವಲ್ಲ, ಅವಳ ಶ್ರದ್ಧೆ. ಅದನ್ನು ತುಳಿಯದೆ ಬದಿಗೆ ಸರಿದು ನಡೆಯುವುದು ಕನಿಷ್ಠ ಸೌಜನ್ಯ.

ಹಾಗಾದರೆ ಶ್ರಾವಕನು ಇಂತಹ ಸ್ಥಳಗಳಿಗೆ ಹೋಗಲೇಬಾರದೇ? ಹಾಗೆ ವಿಧಿಸುವುದು ಗೃಹಸ್ಥಧರ್ಮದ ರೀತಿಯಲ್ಲ. ಅಣುವ್ರತಿಯ ಮಿತಿಯನ್ನು ಅವನೇ ಗೊತ್ತುಮಾಡಿಕೊಳ್ಳಬೇಕು, ಆದರೆ ಗೊತ್ತುಮಾಡಿಕೊಳ್ಳಲೇಬೇಕು. ಭೋಗೋಪಭೋಗ ಪರಿಮಾಣವ್ರತವನ್ನು ವಿವರಿಸುತ್ತ ಸಮಂತಭದ್ರರು ಆಜೀವನ ತ್ಯಾಗವನ್ನು ಯಮವೆಂದೂ ಕಾಲಮಿತಿಯ ತ್ಯಾಗವನ್ನು ನಿಯಮವೆಂದೂ ಕರೆದು, ಭೋಜನ, ವಾಹನ, ಶಯನ, ಸ್ನಾನ, ಲೇಪನ, ಹೂವು, ತಾಂಬೂಲ, ವಸ್ತ್ರ, ಆಭರಣ, ಸಂಗೀತ ಮೊದಲಾದವುಗಳಿಗೆ ಒಂದು ದಿನ, ಒಂದು ರಾತ್ರಿ, ಒಂದು ಪಕ್ಷ, ಒಂದು ಮಾಸ ಎಂದು ಗಡುವು ಹಾಕಿಕೊಳ್ಳಬಹುದೆಂದು ತಿಳಿಸಿದ್ದಾರೆ. ಇಂದಿನ ರೆಸಾರ್ಟಿನ ಸೌಲಭ್ಯಗಳ ಪಟ್ಟಿಯನ್ನು ಇದರ ಪಕ್ಕದಲ್ಲಿಟ್ಟರೆ ಎರಡೂ ಬಹುತೇಕ ಒಂದೇ. ಒಂದು ಪಟ್ಟಿ ‘ಎಷ್ಟು ಬೇಕಾದರೂ’ ಎನ್ನುತ್ತದೆ. ಇನ್ನೊಂದು ‘ಇಷ್ಟು ಸಾಕು’ ಎನ್ನುತ್ತದೆ.

ಆದ್ದರಿಂದ ಹೊರಡುವ ಮುನ್ನ ಮನೆಯವರು ಕುಳಿತು ನಾಲ್ಕು ದಿನಗಳಿಗೆ ನಿಯಮ ತೆಗೆದುಕೊಳ್ಳಲಿ. ಎಷ್ಟು ಬಗೆಯ ಆಹಾರ, ಎಷ್ಟು ಬಾರಿ ಸ್ನಾನ, ದಿನಕ್ಕೆ ಎಷ್ಟು ಹೊತ್ತು ತಂಪುಯಂತ್ರ ಎಂದು ನಿಶ್ಚಯಿಸಲಿ. ಟವೆಲು ದಿನವೂ ಬದಲಾಗಬೇಕಿಲ್ಲವೆಂದು ಮೊದಲೇ ತಿಳಿಸಲಿ. ಸ್ವಂತ ಕೊಳವಿಲ್ಲದ ಕೋಣೆ ಸಾಕೆನಿಸಿದರೆ ಉಳಿದ ಹಣವನ್ನು ದಾನಕ್ಕೆ ಮೀಸಲಿಡಲಿ. ಪ್ರತಿಸಂಜೆ ಸಾಮಾಯಿಕಕ್ಕೆ ಒಂದು ಮೂಲೆಯನ್ನು ಗೊತ್ತುಮಾಡಿಕೊಳ್ಳಲಿ. ಹೊರಡುವ ದಿನ ಗುಣವನ್ನು ಬಹಿರಂಗವಾಗಿ, ದೋಷವನ್ನು ಸಂಬಂಧಪಟ್ಟವನಿಗೆ ನೇರವಾಗಿ ಹೇಳಲಿ.

ಸಂಯಮದ ಪಾಠಕ್ಕೆ ಆ ದ್ವೀಪವೂ ಗುರುವಾಗಬಲ್ಲದು. ಬಾಲಿಯ ಜನ ಶಕವರ್ಷದ ಆರಂಭವನ್ನು ನ್ಯೆಪಿ ಎಂಬ ಮೌನದಿನವಾಗಿ ಆಚರಿಸುತ್ತಾರೆ. 2025ರಲ್ಲಿ ಅದು ಮಾರ್ಚ್ 29ರಂದು, ನಮ್ಮ ಯುಗಾದಿಯ ಹಿಂದಿನ ದಿನ ಬಂದಿತ್ತು. ಅಂದು ಬೆಂಕಿ-ಬೆಳಕಿಲ್ಲ, ದುಡಿಮೆಯಿಲ್ಲ, ಪ್ರಯಾಣವಿಲ್ಲ, ವಿನೋದವಿಲ್ಲ. ವಿಮಾನ ನಿಲ್ದಾಣವೇ 24 ಗಂಟೆ ಮುಚ್ಚುತ್ತದೆ. ಎಷ್ಟೇ ಬೆಲೆ ತೆತ್ತ ಅತಿಥಿಯೂ ಅಂದು ತಾನು ತಂಗಿದ ಆವರಣವನ್ನು ದಾಟುವಂತಿಲ್ಲ. ವರ್ಷವೆಲ್ಲ ಅತಿಥಿಗಳ ಭೋಗಕ್ಕಾಗಿ ದುಡಿಯುವ ಜನ ಒಂದು ದಿನ ಲಕ್ಷಾಂತರ ಅತಿಥಿಗಳಿಗೆ ಉಪವಾಸದ ರುಚಿ ತೋರಿಸುತ್ತಾರೆ. ಪರ್ವದಿನಗಳಲ್ಲಿ ಪ್ರೋಷಧೋಪವಾಸ ಮಾಡುವವರ ವಂಶಸ್ಥರಿಗೆ ಇದು ಪರಕೀಯವೆನಿಸಬಾರದು. ಪರಿಚಾರಕರು ನಮಗೆ ನೀಡುವ ಸೇವೆಗಳಲ್ಲಿ ಅದೇ ಅತ್ಯುತ್ತಮವಾದದ್ದು. ಅದಕ್ಕೆ ನಕ್ಷತ್ರಗಳ ಅಗತ್ಯವಿಲ್ಲ.